ಹತ್ತಕ್ಕೆ ಇಬ್ಬರು ಕಡಿಮೆ

ಬೆಳಗಿನ ಐದೂವರೆ. ಬನಶಂಕರಿ ಎರಡನೇ ಹಂತ, ಬಿಡಿಎ ಕಾಂಪ್ಲೆಕ್ಸಿಗೆ ಹತ್ತಿರದ ಒಂದು ಅಡ್ಡರಸ್ತೆ. ಷಟರ್ ಅರ್ಧ ಮಾತ್ರ ಎತ್ತಿದೆ, ತಲೆ ತಗ್ಗಿಸಿ ಒಳಗೆ ಬನ್ನಿ. ಮುಂದಿನ ಭಾಗ ಅಂಗಡಿ, ಹಿಂದಿನದು ಅಡುಗೆಮನೆ. ಹೊರಗೆ 2026ರ ಜನವರಿಯ ಚಳಿ, ಒಳಗೆ ಎರಡು ಬಾಣಲೆಗಳ ಕಾವು. ಒಂದರಲ್ಲಿ ಚಕ್ಕುಲಿ ಬೇಯುತ್ತಿದೆ, ಎಣ್ಣೆಯ ಗುಳ್ಳೆ ಅಡಗುವ ತನಕ ತೆಗೆಯುವ ಹಾಗಿಲ್ಲ. ಇನ್ನೊಂದರಲ್ಲಿ ಅವರೆಬೇಳೆ. ಜಾಲರಿಯಲ್ಲಿ ಅದನ್ನೆತ್ತಿ ಎಣ್ಣೆ ಬಸಿಯುತ್ತಿರುವ ಹುಡುಗ ಹಾಸನದ ಕಡೆಯವನು. ಮುಂಗೈ ಮೇಲೆ ಹಳೆಯ ಸುಟ್ಟ ಕಲೆ ಕಾಣಿಸುತ್ತಿದೆಯಲ್ಲ, ಅದು ನಮ್ಮ ಅಂಗಡಿಯಲ್ಲೇ ಆದದ್ದು.

ನೆಲದ ಮೇಲೆ ಚಾಪೆ ಹಾಸಿಕೊಂಡು ಹೆಂಗಸರು ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಕೂತಿದ್ದಾರೆ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು. ಅಚ್ಚುಬೆಲ್ಲವನ್ನೂ ಅದೇ ಅಳತೆಗೆ ಕತ್ತರಿಸಬೇಕು. ಕಡಲೆಬೀಜ ಹುರಿದು ಸಿಪ್ಪೆ ಉಜ್ಜಿ ಬೇಳೆ ಮಾಡಬೇಕು. ನಮ್ಮ ಅತ್ತೆಗೆ ಅರವತ್ತೆಂಟು ವಯಸ್ಸು, ಹೋದ ವರ್ಷ ಪಿತ್ತಕೋಶದ ಆಪರೇಷನ್ ಆಗಿದೆ. ಬೇಡವೆಂದರೂ ಕೇಳದೆ ಗೋಡೆಗೆ ಒರಗಿ ಕೂತು ಕೊಬ್ಬರಿ ಹೆಚ್ಚುತ್ತಿದ್ದಾರೆ. ಹಬ್ಬಕ್ಕೆಂದು ಹೆಚ್ಚುವರಿ ಜನ ಸಿಗುವುದಿಲ್ಲ. ಕೆಲಸಕ್ಕಿರುವವರು ಎಂಟು ಜನ. ಅವರ ಜೊತೆ ನಾನು, ನಮ್ಮ ಯಜಮಾನರು. ಒಟ್ಟು ಹತ್ತು. ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಿಟ್ಟಿನ ಡಬ್ಬದ ಮೇಲಿಟ್ಟ ಫೋನು ಸದ್ದು ಮಾಡುತ್ತದೆ. ಕೈ ಒರೆಸಿಕೊಂಡು ನೋಡುತ್ತೇನೆ. ಆರೋಗ್ಯ ವಿಮೆಯ ನವೀಕರಣದ ಸಂದೇಶ. ನಾನು, ಯಜಮಾನರು, ಪಿಯುಸಿ ಓದುವ ಮಗಳು, ಮೂವರಿಗೆ ಸೇರಿ ಈ ವರ್ಷದ ಕಂತು 58,500 ರೂಪಾಯಿ.

ಒಮ್ಮೆ ಓದಿ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದುತ್ತೇನೆ. ಹೋದ ವರ್ಷದ ರಸೀದಿ ಕ್ಯಾಶ್ ಡ್ರಾಯರಿನಲ್ಲೇ ಇದೆ. ಕಂತು 46,000, ಅದರ ಮೇಲೆ ಶೇ 18 ಜಿಎಸ್‌ಟಿ 8,280, ಒಟ್ಟು 54,280. ಈ ವರ್ಷ ತೆರಿಗೆಯೇ ಇಲ್ಲ. ಕಳೆದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು ಪೂರ್ತಿ ತೆಗೆದಿದ್ದಾರೆ. ಅಂದು ನವರಾತ್ರಿಯ ಮೊದಲ ದಿನ, ಬಾಗಿನದ ತಿಂಡಿಗಳ ಆರ್ಡರ್ ನಡುವೆಯೇ ಆ ಸುದ್ದಿ ಕೇಳಿ ಎಷ್ಟು ಸಂತೋಷಪಟ್ಟಿದ್ದೆ! ತೆರಿಗೆ ಹೋದ ಮೇಲೂ ಕಟ್ಟಬೇಕಾದ ಮೊತ್ತ 4,220 ರೂಪಾಯಿ ಜಾಸ್ತಿಯಾಗಿದೆ. ಕಂತನ್ನಷ್ಟೇ ಹಿಡಿದರೆ ಏರಿಕೆ ಶೇ 27.

ಅದೇ ಸೆಪ್ಟೆಂಬರ್ 22ರಂದು ಪ್ಯಾಕೆಟ್ ಮಾಡಿ ಮಾರುವ ಖಾರದ ತಿಂಡಿಗಳ ಮೇಲಿನ ತೆರಿಗೆಯೂ ಶೇ 12ರಿಂದ 5ಕ್ಕೆ ಇಳಿಯಿತು. ಅವತ್ತು ಬೆಳಿಗ್ಗೆಯೇ ಕೂತು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಪ್ಯಾಕೆಟ್ಟುಗಳಿಗೆ ಹೊಸ ದರದ ಚೀಟಿ ಅಂಟಿಸಿದೆವು. ಇಳಿದ ತೆರಿಗೆ ಗಿರಾಕಿಗೆ ಸೇರಬೇಕಾದದ್ದು, ಆ ಬಗ್ಗೆ ನನಗೆ ಎರಡನೇ ಯೋಚನೆ ಬರಲಿಲ್ಲ.

ಹತ್ತು ಗಂಟೆಗೆ ಏಜೆಂಟರು ಬರುತ್ತಾರೆ. ಒಳ್ಳೆಯ ಮನುಷ್ಯ, ಅತ್ತೆ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತಿದವರು. ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಕಾಫಿ ಕೊಡುತ್ತೇನೆ.

“ಸರ್‌ಗೆ ನಲವತ್ತಾರು ತುಂಬ್ತಲ್ಲ ಮೇಡಂ, ಸ್ಲ್ಯಾಬ್ ಬದಲಾಯ್ತು. ಅದರ ಮೇಲೆ ಕಂಪನಿ ದರಾನೂ ಪರಿಷ್ಕರಣೆ ಮಾಡಿದೆ. ಎರಡೂ ಒಟ್ಟಿಗೆ ಬಂದಿದೆ.”

“ಅತ್ತೆ ಪಾಲಿಸಿ ಇಷ್ಟು ಏರಿಲ್ಲವಲ್ಲ?”

“ಅಮ್ಮಾವರಿಗೆ ಅರವತ್ತು ದಾಟಿದೆ. ಅವರಿಗೆ ರಕ್ಷಣೆ ಇದೆ.”

ಇದೆ, ನಿಜ. ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿ 30ರಂದು ಒಂದು ಆದೇಶ ಹೊರಡಿಸಿತು. ಹಿರಿಯ ನಾಗರಿಕರ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕೆಂದರೆ ಕಂಪನಿಗಳು ಮೊದಲು ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು. ಅರವತ್ತು ತುಂಬದವರಿಗೆ ಅಂಥ ಮಿತಿಯಿಲ್ಲ. ಮನೆ ಸಾಲ, ಮಗಳ ಫೀಸು, ಅಂಗಡಿ ಬಾಡಿಗೆ, ಎಂಟು ಜನರ ಸಂಬಳ ಇವೆಲ್ಲವೂ ತಲೆಯ ಮೇಲಿರುವುದು ನಲವತ್ತರಿಂದ ಅರವತ್ತರ ಒಳಗೇ. ಕಂತು ಏರುವುದಕ್ಕೆ ತಡೆ ಇಲ್ಲದಿರುವುದೂ ಅದೇ ವಯಸ್ಸಿನವರಿಗೆ.

“ಬೇರೆ ಕಂಪನಿಗೆ ಪೋರ್ಟ್ ಮಾಡೋಣವಾ?”

“ನವೀಕರಣಕ್ಕೆ ನಲವತ್ತೈದು ದಿನ ಮುಂಚೆ ಅರ್ಜಿ ಹಾಕಬೇಕಿತ್ತು ಮೇಡಂ. ಈಗ ತಡವಾಯ್ತು. ಸರ್‌ಗೆ ಶುಗರ್ ಬೇರೆ ಇದೆ, ಹೊಸ ಕಂಪನಿ ತಗೊಳ್ಳುತ್ತೋ ಇಲ್ಲವೋ.”

ಅವರ ಚೀಲದಿಂದ ಇನ್ನೊಂದು ಕಾಗದ ಹೊರಬರುತ್ತದೆ. ಕೆಲಸದವರ ಗುಂಪು ಪಾಲಿಸಿ. ಆ ಹುಡುಗನ ಕೈಮೇಲೆ ಎಣ್ಣೆ ಸಿಡಿದ ವರ್ಷವೇ ಮಾಡಿಸಿದ್ದು. ಅಂದು ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಾಗ ಇವನಿಗೆ ಏನಾದರೂ ಆದರೆ ಊರಲ್ಲಿರುವ ಇವನ ತಾಯಿಗೆ ಏನು ಹೇಳಲಿ ಎಂದು ನನ್ನ ಕೈಯೇ ನಡುಗುತ್ತಿತ್ತು. ಕಾನೂನಿನ ಒತ್ತಾಯ ಇರಲಿಲ್ಲ, ನಾನಾಗಿ ಮಾಡಿಸಿದೆ. ತಲೆಗೆ 3,200 ರೂಪಾಯಿ, ಎಂಟು ಜನಕ್ಕೆ 25,600. ಗುಂಪು ಪಾಲಿಸಿಗೆ ಜಿಎಸ್‌ಟಿ ವಿನಾಯಿತಿ ಇಲ್ಲ. ಹಾಗಾಗಿ ಇನ್ನೂ 4,608 ಸೇರಿ 30,208 ಆಗುತ್ತದೆ. ಅಂಗಡಿಗೆ ತರುವ ಎಣ್ಣೆ ಡಬ್ಬದ ಮೇಲೆ, ಪ್ಯಾಕಿಂಗ್ ಕವರಿನ ಮೇಲೆ ಕಟ್ಟಿದ ತೆರಿಗೆ ನನಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಕೆಲಸದವರ ವಿಮೆಯ ಮೇಲೆ ಕಟ್ಟಿದ್ದು ಸಿಗುವುದಿಲ್ಲ. ವಿಮೆ ಮಾಡಿಸಲೇಬೇಕೆಂದು ಕಾನೂನು ಕಡ್ಡಾಯ ಮಾಡಿರುವ ಕಡೆ ಮಾತ್ರ ಆ ಕ್ರೆಡಿಟ್ ಉಂಟು. ಕಡ್ಡಾಯವಿಲ್ಲದಿದ್ದರೂ ಮನಸ್ಸಿನಿಂದ ಮಾಡಿಸಿದವರಿಗೆ ಇಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ, ಆಡಿಟರ್ ಎಷ್ಟು ಸಲ ಬಿಡಿಸಿ ಹೇಳಿದರೂ.

“ಇನ್ನಿಬ್ಬರು ಬಿಟ್ಟುಹೋಗದ ಹಾಗೆ ನೋಡ್ಕೊಳ್ಳಿ ಮೇಡಂ. ಏಳಕ್ಕಿಂತ ಕಡಿಮೆಯಾದ್ರೆ ಗುಂಪು ಪಾಲಿಸಿ ನಡೆಯಲ್ಲ” ಎನ್ನುತ್ತಾ ಎದ್ದು ಹೊರಡುತ್ತಾರೆ. ಕಟ್ಟಿಕೊಟ್ಟ ಅವರೆಬೇಳೆ ಪೊಟ್ಟಣಕ್ಕೆ ದುಡ್ಡು ಕೊಡಲು ಹೋಗುತ್ತಾರೆ, ನಾನು ತೆಗೆದುಕೊಳ್ಳುವುದಿಲ್ಲ.

ಹನ್ನೊಂದೂವರೆಗೆ ಕೌಂಟರನ್ನು ಯಜಮಾನರಿಗೆ ಬಿಟ್ಟು, ಅತ್ತೆಯ ಆಸ್ಪತ್ರೆ ಫೈಲು ಹಿಡಿದು ಹೊರಡುತ್ತೇನೆ. ಜೊತೆಗೇ ಬನ್ನಿ. ಬನಶಂಕರಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮುಂದಿನದೇ ಆರ್.ವಿ. ರಸ್ತೆ. ಅಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. 2025ರ ಆಗಸ್ಟ್‌ನಲ್ಲಿ ಶುರುವಾದ ಮಾರ್ಗ. ಒಂದೇ ನಿಲ್ದಾಣ, ರಾಗಿಗುಡ್ಡ. ಇಳಿದು ಜೆ.ಪಿ. ನಗರ ಮೊದಲನೇ ಹಂತದ 24ನೇ ಮೇನ್ ಕಡೆ ನಡೆದರೆ ಎಲ್‌ಐಸಿಯ ಜೀವನ್ ಸೌಧ. ಇಡೀ ಕರ್ನಾಟಕಕ್ಕೆ ಇರುವ ವಿಮಾ ಲೋಕಪಾಲರ ಕಚೇರಿ ಈ ಕಟ್ಟಡದಲ್ಲಿದೆ. ಜೆ.ಪಿ. ನಗರದಲ್ಲೇ ಮನೆ ಇರುವ ನನ್ನ ಎಷ್ಟೋ ಗಿರಾಕಿಗಳಿಗೆ ಇದು ಗೊತ್ತಿಲ್ಲ.

ಫೈಲಿನಲ್ಲಿ ಏನಿದೆ ಎಂದು ಕೇಳಿದಿರಾ? ಅತ್ತೆಯ ಪಾಲಿಸಿ 3 ಲಕ್ಷದ್ದು. ಅದರಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ ಶೇ 1, ಅಂದರೆ 3,000 ರೂಪಾಯಿಯ ಮಿತಿ ಇದೆ. ಆಪರೇಷನ್ ದಿನ ಆ ದರದ ಕೊಠಡಿ ಖಾಲಿ ಇರಲಿಲ್ಲ, 5,000ದ್ದು ಸಿಕ್ಕಿತು. ಬಾಡಿಗೆಯ ವ್ಯತ್ಯಾಸ ದಿನಕ್ಕೆ 2,000 ನಾವು ಕೊಟ್ಟರಾಯಿತು ಎಂದುಕೊಂಡಿದ್ದೆವು. ಪಾಲಿಸಿಯ ಲೆಕ್ಕ ಹಾಗಿಲ್ಲ. ಕೊಠಡಿ ಐದರಲ್ಲಿ ಮೂರು ಪಾಲಿಗೆ ಮಾತ್ರ ಅರ್ಹವಾದರೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಶೇ 60ಕ್ಕೆ ಇಳಿಸುತ್ತಾರೆ. ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ. ಔಷಧಿ, ದೇಹದೊಳಗೆ ಇಡುವ ಸಾಧನ, ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗಳಿಗೆ ಮಾತ್ರ ಆ ಕಡಿತ ಹಾಕಬಾರದು. 2020ರಲ್ಲೇ ಪ್ರಾಧಿಕಾರ ಹೇಳಿರುವ ಮಾತು ಅದು. ಮಾತ್ರೆಯ ಬೆಲೆ ಯಾವ ಕೊಠಡಿಯಲ್ಲಿ ಮಲಗಿದರೂ ಒಂದೇ ಅಲ್ಲವೇ? ನಮ್ಮ ಬಿಲ್ಲಿನಲ್ಲಿ ಔಷಧಿಯನ್ನೂ ಕಡಿದಿದ್ದಾರೆ, ಸ್ಕ್ಯಾನನ್ನೂ ಕಡಿದಿದ್ದಾರೆ. ಕಂಪನಿಯ ದೂರು ವಿಭಾಗಕ್ಕೆ ಬರೆದು ತಿಂಗಳಿಗೆ ಮೇಲಾಯಿತು. ಉತ್ತರ ಬರಲಿಲ್ಲ. ಆದ್ದರಿಂದ ಇಲ್ಲಿಗೆ.

ಕಾಯುವ ಕುರ್ಚಿಗಳಲ್ಲಿ ನನ್ನಂಥವರೇ. ಎಲ್ಲರ ತೊಡೆಯ ಮೇಲೂ ಪ್ಲಾಸ್ಟಿಕ್ ಫೈಲು, ಒಳಗೆ ಡಿಸ್ಚಾರ್ಜ್ ಸಮ್ಮರಿ. ಪಕ್ಕದ ಹಿರಿಯರು ತುಮಕೂರಿನಿಂದ ಬಂದಿದ್ದಾರೆ. ತಮ್ಮ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ದಾರ ಕಟ್ಟಿದ್ದಾರೆ. ಕೌಂಟರಿನ ಹೆಣ್ಣುಮಗಳು ನನ್ನ ಕಾಗದ ಓದಿ, ತಾಳ್ಮೆಯಿಂದ ಹೇಳುತ್ತಾರೆ. ಶುಲ್ಕ ಇಲ್ಲ. ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ದೂರು ಇಲ್ಲಿಗೆ ತರಬಹುದು. ಕಂಪನಿಗೆ ದೂರು ಕೊಟ್ಟು 30 ದಿನ ಕಾದಿರಬೇಕು, ಒಂದು ವರ್ಷದೊಳಗೆ ಬಂದಿರಬೇಕು.

“ಇನ್ನೊಂದು ಕೇಳ್ಲಾ? ಈ ವರ್ಷ ನಮ್ಮ ಕಂತು ಶೇ 27 ಏರಿಸಿದ್ದಾರೆ. ಅದಕ್ಕೂ ದೂರು ಕೊಡಬಹುದಾ?”

“ಪಾಲಿಸಿಯಲ್ಲಿ ಬರೆದಿರೋದಕ್ಕಿಂತ ಬೇರೆ ಲೆಕ್ಕ ಹಾಕಿದ್ರೆ ಕೊಡಬಹುದಮ್ಮಾ. ದರಾನೇ ಏರಿದ್ರೆ ಕಷ್ಟ.”

ಅವರು ಹೇಳಿದ್ದು ಸರಿ. ಲೋಕಪಾಲರು ನೋಡುವುದು ಒಪ್ಪಂದ ಮುರಿದಿದೆಯೇ ಎಂದು. ಒಪ್ಪಂದವೇ ಭಾರವಾದರೆ ಹೋಗಿ ಕೇಳಲು ಬಾಗಿಲು ಬೇರೆಯದೇ ಬೇಕು, ಅದು ಇನ್ನೂ ಕಟ್ಟಿಲ್ಲ. ದೂರಿನ ಸ್ವೀಕೃತಿ ಪಡೆದು ಮೆಟ್ಟಿಲಿಳಿಯುತ್ತೇನೆ.

ಮತ್ತೆ ರಾಗಿಗುಡ್ಡ. ಮುಂದಿನ ನಿಲ್ದಾಣ ಜಯದೇವ ಆಸ್ಪತ್ರೆ. ನಮ್ಮಲ್ಲಿ ಹೋಳಿಗೆ ತಟ್ಟುವ ಹೆಂಗಸಿನ ಗಂಡ ಅಲ್ಲಿದ್ದಾನೆ, ಮೊನ್ನೆ ರಾತ್ರಿ ಎದೆನೋವು ಬಂದು ಸೇರಿಸಿದರು. ಡಬ್ಬಿಯಲ್ಲಿ ಅನ್ನ-ಸಾರು ಇದೆ, ಕೊಟ್ಟು ಹೋಗೋಣ. ಕಿಟಕಿಯಿಂದ ಕೆಳಗೆ ನೋಡಿ, ಮಾರೇನಹಳ್ಳಿ ರಸ್ತೆಯಲ್ಲಿ ನಮ್ಮ ಕಾಲ ಕೆಳಗೇ ಇನ್ನೊಂದು ಮೇಲ್ಸೇತುವೆಯಲ್ಲಿ ವಾಹನಗಳು ಓಡುತ್ತಿವೆ. ಆಸ್ಪತ್ರೆಯ ಮುಂದೆ ನಿಂತಿದ್ದ ಹಳೆಯ ಮೇಲ್ಸೇತುವೆಯನ್ನು ಈ ಮೆಟ್ರೊಗಾಗಿ 2020ರಲ್ಲಿ ಕೆಡವಿದರು.

ಆಸ್ಪತ್ರೆಯ ಆವರಣದಲ್ಲಿ ಎಲ್ಲ ಜಿಲ್ಲೆಗಳ ಕನ್ನಡವೂ ಕಿವಿಗೆ ಬೀಳುತ್ತದೆ. ಕಲಬುರಗಿಯ ಮಾತು, ಮಂಡ್ಯದ ಮಾತು, ಚಾಮರಾಜನಗರದ ಮಾತು. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ಮೊದಲು ಚಿಕಿತ್ಸೆ, ಆಮೇಲೆ ಹಣ ಎಂಬ ಪದ್ಧತಿ ತಂದ ಜಾಗ ಇದು. ಆ ಹೆಂಗಸು ಕಾರಿಡಾರಿನಲ್ಲಿ ನಿಂತಿದ್ದಾಳೆ, ನನ್ನನ್ನು ಕಂಡದ್ದೇ ಕೈ ಹಿಡಿದುಕೊಳ್ಳುತ್ತಾಳೆ.

“ಸ್ಟೆಂಟ್ ಹಾಕವ್ರೆ ಅಕ್ಕಾ. ಕಾರ್ಡಲ್ಲೇ ಆಯ್ತು, ದುಡ್ಡು ಕೇಳ್ಲಿಲ್ಲ.”

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಅವಳ ಮುಖದಲ್ಲಿನ ನಿರಾಳ ನೋಡಿ ನನಗೂ ಉಸಿರು ಬಂದಂತಾಗುತ್ತದೆ. ಆ ಯೋಜನೆಯ ಒಂದು ರೂಪಾಯಿಯೂ ಕಡಿಮೆಯಾಗಬಾರದು. ಅದೇ ಯೋಜನೆಯಲ್ಲಿ ನಮ್ಮಂಥ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ ಶೇ 70 ಕೈಯಿಂದ ಕೊಡಬೇಕು. ತಿಂಗಳ ಕೊನೆಯಲ್ಲಿ ಎಂಟು ಜನರಿಗೆ ಸಂಬಳ ಹಂಚಿ ನಮಗೆ ಉಳಿಯುವುದೆಷ್ಟು ಎಂದು ಆ ಕಾರ್ಡು ಕೇಳುವುದಿಲ್ಲ.

ಇನ್ನೊಂದೇ ನಿಲ್ದಾಣ ಮುಂದೆ ಬಿಟಿಎಂ ಲೇಔಟ್. ಅಲ್ಲಿ ನನ್ನ ಸ್ನೇಹಿತೆ ಶಾಲಾ ಸಮವಸ್ತ್ರ ಹೊಲಿಸುವ ಘಟಕ ಇಟ್ಟುಕೊಂಡಿದ್ದಾಳೆ. ಮೊದಲ ಮಹಡಿ, ಮೆಟ್ಟಿಲು ಹತ್ತುವಾಗಲೇ ಮಿಷನ್ನುಗಳ ಗರ್ರೆನ್ನುವ ಸದ್ದು. ಬೂದು ಬಣ್ಣದ ಪ್ಯಾಂಟಿನ ಬಟ್ಟೆ ಕತ್ತರಿಸಿ ರಾಶಿ ಹಾಕಿದ್ದಾರೆ. ಅವಳಲ್ಲಿ ಹದಿನಾಲ್ಕು ಜನ. ಹತ್ತು ದಾಟಿರುವುದರಿಂದ, 21,000 ರೂಪಾಯಿವರೆಗೆ ಸಂಬಳವಿರುವ ಎಲ್ಲರಿಗೂ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆ.

“ಮಾಲೀಕರ ಪಾಲು ಶೇ 3.25, ಅವರ ಪಾಲು 0.75. ಹದಿನೆಂಟು ಸಾವಿರ ಸಂಬಳ ಅಂದ್ರೆ ನಾನು 585 ಕಟ್ತೀನಿ, ಅವರು 135. ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಆಗುತ್ತೆ. ವಯಸ್ಸಾದ್ರೂ ಅಷ್ಟೇ, ಶುಗರ್ ಬಂದ್ರೂ ಅಷ್ಟೇ.”

ಕಿಟಕಿ ಪಕ್ಕದ ಮಿಷನ್ನು ಬಟ್ಟೆ ಹೊದ್ದು ಕೂತಿದೆ. ಅದರ ಹುಡುಗಿ ಹೆರಿಗೆ ರಜೆಯಲ್ಲಿದ್ದಾಳೆ, ಇಪ್ಪತ್ತಾರು ವಾರ, ಆ ಅವಧಿಯ ಸಂಬಳವನ್ನು ಇಎಸ್‌ಐ ಕೊಡುತ್ತದೆ. ತಕರಾರುಗಳೂ ಇವೆ ಎಂದು ಸ್ನೇಹಿತೆ ಒಪ್ಪಿಕೊಳ್ಳುತ್ತಾಳೆ. ರಾಜಾಜಿನಗರದ ಆಸ್ಪತ್ರೆ ಇಲ್ಲಿಂದ ದೂರ, ಸಾಲು ಉದ್ದ, ಅರ್ಧ ದಿನದ ಕೆಲಸ ಹೋಗುತ್ತದೆ. ಆದರೂ ದೊಡ್ಡ ಕಾಯಿಲೆ ಬಂದಾಗ ಇಷ್ಟಕ್ಕೇ ನಿಲ್ಲಿಸಿ ಎನ್ನುವ ಮೊತ್ತದ ಮಿತಿ ಅಲ್ಲಿಲ್ಲ. 1948ರ ಕಾಯ್ದೆಯಿಂದ ಬಂದ ವ್ಯವಸ್ಥೆ. ಸಂಬಳಕ್ಕೆ ತಕ್ಕಂತೆ ಕೊಡು, ಕಾಯಿಲೆಗೆ ತಕ್ಕಂತೆ ಪಡೆ ಎನ್ನುವ ಇದಕ್ಕಿಂತ ನ್ಯಾಯವಾದ ಲೆಕ್ಕವನ್ನು ನಾನು ಕಂಡಿಲ್ಲ.

“ಮತ್ತೆ ನಿಂಗೆ?”

ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಡುತ್ತಾಳೆ. “ನಂಗೆಲ್ಲಿ? ನಾನು ಮಾಲೀಕಳಲ್ವಾ. ನನ್ನ ಟೈಲರ್‌ಗೆ ಇರೋದು ನಂಗಿಲ್ಲ. ಐವತ್ತೆರಡಾಯ್ತು, ಬಿಪಿ ಇದೆ. ಈ ವರ್ಷ ಕಂತು ನೋಡಿ, ಕಟ್ಟೋದು ಬಿಟ್ಟುಬಿಡ್ಲಾ ಅಂತ ಯೋಚನೆ ಮಾಡ್ತಿದೀನಿ.”

ಬಿಡಬೇಡ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಐದು ವರ್ಷ ತಪ್ಪದೆ ಕಟ್ಟಿದವರ ಪಾಲಿಸಿಯನ್ನು, ವಂಚನೆ ಸಾಬೀತಾಗದ ಹೊರತು, ಹಳೆಯ ಕಾಯಿಲೆ ಮುಚ್ಚಿಟ್ಟೆ ಎಂದು ಕಂಪನಿ ತಿರಸ್ಕರಿಸುವಂತಿಲ್ಲ. 2024ರ ಮೊದಲು ಅದು ಎಂಟು ವರ್ಷವಿತ್ತು. ಒಂದು ಸಲ ಬಿಟ್ಟು ಮತ್ತೆ ಹೊಸದು ಮಾಡಿಸಿದರೆ ಎಲ್ಲ ಕಾಯುವ ಅವಧಿಗಳೂ ಮೊದಲಿನಿಂದ ಶುರು. ಕಂತು ಭಾರವಾದರೆ ಮೊತ್ತವನ್ನು ಇಳಿಸು, ಪಾಲಿಸಿ ಬಿಡಬೇಡ. ಅವಳು ತಲೆಯಾಡಿಸುತ್ತಾಳೆ. ಒಪ್ಪಿದಳೋ ಇಲ್ಲವೋ ತಿಳಿಯುವುದಿಲ್ಲ.

ಈ ಹಳದಿ ಮಾರ್ಗದ ಕೊನೆಯ ನಿಲ್ದಾಣ ಬೊಮ್ಮಸಂದ್ರ. ಅಲ್ಲಿ ನಾರಾಯಣ ಹೃದಯಾಲಯ ಕಟ್ಟಿದ ಡಾ. ದೇವಿ ಶೆಟ್ಟಿಯವರ ಸಲಹೆಯಿಂದಲೇ 2003ರಲ್ಲಿ ನಮ್ಮ ರಾಜ್ಯದ ಸಹಕಾರಿ ರೈತರಿಗೆ ಯಶಸ್ವಿನಿ ಯೋಜನೆ ಬಂತು. ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದ ರೈತನಿಗೆ ಹೃದಯದ ಆಪರೇಷನ್ ಆಗುತ್ತಿತ್ತು. ಲಕ್ಷಾಂತರ ಜನ ಒಟ್ಟಾಗಿ ಸ್ವಲ್ಪ ಸ್ವಲ್ಪ ಹಾಕಿದರೆ ಏನು ಸಾಧ್ಯ ಎನ್ನುವುದನ್ನು ಕರ್ನಾಟಕ ಇಡೀ ದೇಶಕ್ಕೆ ತೋರಿಸಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು, 2022ರಲ್ಲಿ ಮತ್ತೆ ತಂದರು. ಆಗ ನಗರದ ಸಹಕಾರ ಸಂಘಗಳ ಸದಸ್ಯರಿಗೆ, ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ, ಒಪ್ಪಂದವಿರುವ ಆಸ್ಪತ್ರೆಗಳಲ್ಲಿ ಮಾತ್ರ. ಆದರೂ ಇದೆ. ಜಯನಗರ, ಬಸವನಗುಡಿ, ಬನಶಂಕರಿಯಲ್ಲಿ ಸಹಕಾರ ಸಂಘಗಳಿಗೆ ಕೊರತೆಯಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಈಗಾಗಲೇ ಷೇರು ಇಟ್ಟಿದ್ದೀರಿ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ಯಶಸ್ವಿನಿ ನೋಂದಣಿ ಯಾವಾಗ ಎಂದು ಒಮ್ಮೆ ಕೇಳಿ.

ಸಂಜೆ ಆರು. ಅಂಗಡಿಯ ಮುಂದೆ ಜನ. ಎಳ್ಳು-ಬೆಲ್ಲ ಅರ್ಧ ಕೆಜಿ, ಸಕ್ಕರೆ ಅಚ್ಚು ಕಾಲು ಕೆಜಿ, ಚಕ್ಕುಲಿ ಎರಡು ಪ್ಯಾಕೆಟ್. ಸ್ಕ್ಯಾನ್ ಮಾಡಿ, ಸದ್ದು ಬಂತಾ ನೋಡಿ. ನಿಂತಲ್ಲೇ ಯಜಮಾನರಿಗೆ ದಿನದ ವರದಿ ಒಪ್ಪಿಸುತ್ತೇನೆ. ಅವರು ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕುತ್ತಾರೆ. ಎಂಟು ಜನಕ್ಕೂ ಇಎಸ್‌ಐ ಕಟ್ಟಿದರೆ, ತಲಾ ಹದಿನೆಂಟು ಸಾವಿರ ಸಂಬಳಕ್ಕೆ, ನಮ್ಮ ಪಾಲು ವರ್ಷಕ್ಕೆ 56,160.

“ಈಗಿನ ಗುಂಪು ಪಾಲಿಸಿಗಿಂತ ಜಾಸ್ತೀನೇ ಆಯ್ತಲ್ಲೇ.”

“ಆಗಲಿ. ಅವರ ಹೆಂಡತಿ ಮಕ್ಕಳಿಗೂ ಆಗುತ್ತಲ್ಲ.”

“ಹತ್ತು ಜನ ಇಲ್ವಲ್ಲ?”

ಇಲ್ಲ. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ದಾರಿ ಇದೆ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯೂ, ಮಾಲೀಕರು ಮತ್ತು ಹೆಚ್ಚಿನ ನೌಕರರು ಒಪ್ಪಿದರೆ, ತಾವಾಗಿ ಇಎಸ್‌ಐಗೆ ಸೇರಬಹುದು. ಹಬ್ಬ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಕೇಳುತ್ತೇವೆ. ಒಪ್ಪುತ್ತಾರೆಂಬ ನಂಬಿಕೆ ನನಗಿದೆ.

ಆಗಲೂ ಸೇರುವವರು ಎಂಟೇ ಜನ. ಬೆಳಿಗ್ಗೆ ಐದಕ್ಕೆ ಷಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ನಾವಿಬ್ಬರು ಆ ಲೆಕ್ಕಕ್ಕೆ ಬರುವುದಿಲ್ಲ. ಅದೇ ಬಾಣಲೆಯ ಮುಂದೆ ನಾವೂ ನಿಲ್ಲುತ್ತೇವೆ, ಅದೇ ಹಿಟ್ಟಿನ ದೂಳು ನಮ್ಮ ಎದೆಗೂ ಹೋಗುತ್ತದೆ. ಉಚಿತವಾಗಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಮಾಲೀಕರ ಪಾಲು, ನೌಕರರ ಪಾಲು ಎರಡನ್ನೂ ಸೇರಿಸಿ ಆದಾಯದ ಶೇ 4 ನಾನೇ ಕಟ್ಟುತ್ತೇನೆ, ಸೇರಿಸಿಕೊಳ್ಳಿ. ಸಣ್ಣ ಅಂಗಡಿಗಳ ಗುಂಪು ಪಾಲಿಸಿಗೂ ಜಿಎಸ್‌ಟಿ ಬಿಡಿ. ಹಿರಿಯರಿಗೆ ಕೊಟ್ಟ ಶೇ 10ರ ಕಾವಲನ್ನು ಅರವತ್ತರ ಒಳಗಿನವರಿಗೂ ಕೊಡಿ.

58,500 ರೂಪಾಯಿಯನ್ನು ಇವತ್ತೇ ಕಟ್ಟಿದ್ದೇನೆ. ಹತ್ತಕ್ಕಿಂತ ಕಡಿಮೆ ಜನರನ್ನು ಇಟ್ಟುಕೊಂಡು ಅಂಗಡಿ, ಬೇಕರಿ, ದರ್ಶಿನಿ, ಪ್ರೆಸ್, ಟೈಲರಿಂಗ್ ನಡೆಸುತ್ತಿರುವವರು ಈ ಊರಿನ ಪ್ರತಿ ರಸ್ತೆಯಲ್ಲೂ ಇದ್ದೀರಿ. ನಿಮ್ಮ ಶಾಸಕರಿಗೆ, ಸಂಸದರಿಗೆ, ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ಮಾಲೀಕರನ್ನೂ ಇಎಸ್‌ಐಗೆ ಸೇರಿಸಿಕೊಳ್ಳಿ ಎಂದು ಬರೆಯಿರಿ. ನಾನು ಬರೆದಿದ್ದೇನೆ.